ಎಸ್‌ಡಿಎಂಸಿ ಅಧ್ಯಕ್ಷ ಆಗಲ್ಯೋ ಬ್ಯಾಡೋ? ಅನುಭವ ಇದ್ದವ್ರು ಹೇಳ್ರಿ

ಕುಂದಗೋಳ ಚಾದಂಗಡಿ: ನಮ್ಮೂರ ಸರ್ಕಾರಿ ಸಾಲಿಯೊಳಗ ಮಗಳು ಆರನೇತ್ತಾ, ಮಗ ಮೂರನೇತ್ತಾ. ಶುಕ್ರವಾರ ಪಾಲಕರ ಸಭೆ, ಎಸ್‌ಡಿಎಂಸಿ ಅಂದ್ರ ಸಾಲಿ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಪಾಲಕರೊಳಗ 18 ಮಂದಿ ಆರಿಸಬೇಕು. ನೀನ ಅಧ್ಯಕ್ಷ ಆಗು ಅಂತ ಓಣಿಯವ್ರು ಗಂಟು ಬಿದ್ದಾರ. ಕೇಳೂದು ಎರಡ: ವಾರಕ್ಕ ಎಷ್ಟು ಹೊತ್ತು ಹಿಡಿತೈತಿ? ಹೆಡ್ ಮಾಸ್ತರ ಜೋಡಿ ಜಂಟಿ ಖಾತೆ ಚೆಕ್‌ಗೆ ಸಹಿ ಮಾಡಿದ್ರ ನಾಳೆ ಕುತ್ತಿಗಿಗೆ ಬರೂದಿಲ್ಲಲ್ಲ?

ಬ್ಯಾಡಗಿ ಮೆಣಸಿನಕಾಯಿ: ಎರಡು ವರ್ಷ ಮಾಡಿ ಕೈ ಸುಟ್ಟುಕೊಂಡವ ನಾನು. ಸಾಲಿ ಬೋರಿನ ಮೋಟರ್ ಸುಟ್ಟಿತು, ಅನುದಾನ ಬಂದಿರಲಿಲ್ಲ. ಶೌಚಾಲಯಕ್ಕ ನೀರಿಲ್ದ ಹುಡುಗೀರು ಮಧ್ಯಾಹ್ನನ ಮನಿಗೆ ಹೊಂಟಿದ್ವು. ಕಿಸೆದಾಗಿಂದ 3,400 ಕೊಟ್ಟು ವೈಂಡಿಂಗ್ ಕಟ್ಟಿಸಿದೆ. ಹನ್ನೊಂದು ದಿನಕ್ಕ ಮತ್ತ ಸುಟ್ಟಿತು, ಮತ್ತ 2,900. ಎತ್ತೂದು ಇಳಿಸೂದು ಕೂಲಿ ಸಲಕ್ಕ ಆರ್ನೂರರಂಗ ಎರಡು ಸಲ. ಕೂಡಿಸ್ರಿ, 7,500. ಅನುದಾನ ಬಂದ ಮ್ಯಾಲೆ ಕೇಳಿದ್ರ "ಬಿಲ್ ಎಲ್ಲೈತ್ರಿ?" ಅಂದ್ರು. ಮೋಟರ್ ಕಟ್ಟಿದವ ಕೊಟ್ಟಿದ್ದು ಸಿಗರೇಟ್ ಪಾಕೀಟಿನ ಹಿಂದ ಬರದ ಲೆಕ್ಕ. ಮೊದಲ ಠರಾವು ಬರಿಸಿಲ್ಲ ಅಂತ ಅದೂ ನನ್ನ ತಲಿ ಮ್ಯಾಲೆ. ಅಷ್ಟರಾಗ ಮಗಳು ಏಳನೇತ್ತಾ ಮುಗಿಸಿ ಹೋದ್ಲು, ಪಾಲಕ ಅಲ್ಲ ಅಂದ ಮ್ಯಾಲೆ ಕುರ್ಚಿನೂ ಹೋತು. ರೊಕ್ಕ ಇವತ್ತಿಗೂ ಬಂದಿಲ್ಲ.

ರೋಣದ ಅಕ್ಕ: ಮೋಟರ್ ಪುರಾಣ ಸಾಕ್ರಿ. ಅರ್ಧ ಮಂದಿ ಹೆಣ್ಣಮಕ್ಕಳು ಇರಬೇಕಂತ ಕಾಯ್ದೆ ಐತಿ, ಆದ್ರ ಹೆಸರು ನಮ್ದು, ಸಭೆಗೆ ಕುಂದ್ರೂದು ಗಂಡ. ಮೊದಲ ಸಭೆಗೆ ನಮ್ಮನಿಯವ್ರು ಹೋಗಿದ್ರು. ಎರಡನೇದಕ್ಕ ನಾನ ಹೋಗಿ ಠರಾವು ಪುಸ್ತಕ ತೆಗಿಸಿದೆ. ನಾ ಮುಖಾನ ತೋರಿಸದ ಸಭೆಗೆ ನನ್ನ ಸಹಿ! ಅವತ್ತಿನಿಂದ ಸಹಿ ಬಾಜೂಕ ತಾರೀಖು ಹಾಕಿ, ಕೆಳಗ ಉಳಿದ ಜಾಗಕ್ಕ ಅಡ್ಡ ಗೀಟು ಎಳಿತೀನಿ. ಬಿಸಿಯೂಟದ ಸಾರು ಹುಡುಗರಿಗಿಂತ ಮೊದಲ ನಾ ಉಣ್ಣತೀನಿ. ಒಂದಿನ ಹಾಜರಿ 112, ಮೊಟ್ಟಿ ಬ್ಯಾಡ ಬಾಳೆಹಣ್ಣು ಬೇಕಂದವ್ರು ಆರು, ಕುದಿಸಿದ ಮೊಟ್ಟಿ 90. ಉಳಿದ ಹದಿನಾರು ಎಲ್ಲಿ ಅಂತ ಕೇಳಿದ್ದಕ್ಕ ಬಾಯಿ ಜೋರು ಅಂತ ಹೆಸರು ಬಂತು. ಬರಲಿ.

ಹಾನಗಲ್ಲ ನಿವೃತ್ತ ಮಾಸ್ತರ: ಅಕ್ಕಾರ, ಮೊಟ್ಟಿ ಎಣಿಸಿದವ್ರು ರೊಕ್ಕಾನೂ ಎಣಿಸ್ರಿ. ಒಂದಕ್ಕ ಸರ್ಕಾರ ಕೊಟ್ಟಿದ್ದು ಆರು ರೂಪಾಯಿ, ಅದರಾಗ ತರೂದು, ಕುದಿಸೂದು, ಸುಲಿಯೂದು ಎಲ್ಲಾ ಬಂತು. ಚಳಿಗಾಲದಾಗ ಅಂಗಡ್ಯಾಗ ಏಳು ಆದಾಗ ಮ್ಯಾಲಿಂದು ಯಾರು ಹಾಕಿದ್ರು? ಈ ಮಾಸ್ತರ. 2001ರಾಗ ಈ ಸಮಿತಿ ಬಂದಾಗ ಡಂಗುರ ಹೊಡಿಸಿ ಪಾಲಕರನ್ನ ಕರದವ್ರು ನಾವು. ಸಾಲಿ ಯೋಜನೆ ಬರಿಯೂಣು, ಸಾಲಿ ಬಿಟ್ಟ ಹುಡುಗರ ಮನಿಗೆ ಹೋಗೂಣು ಬರ್ರಿ ಅಂದ್ರ ಒಬ್ಬರೂ ಇಲ್ಲ. ಚೆಕ್ ಬಂತಂದ್ರ ಹದಿನೆಂಟೂ ಮಂದಿ ಹಾಜರ. ಮೇಲುಸ್ತುವಾರಿ ಅಂದ್ರ ಪೊಲೀಸಗಿರಿ ಅಲ್ಲ.

ಬ್ಯಾಡಗಿ ಮೆಣಸಿನಕಾಯಿ: ನಿಮ್ಮ ಮಕ್ಕಳು ಯಾವ ಸಾಲಿಗೆ ಹೋಗಿದ್ರು, ಅದನ್ನ ಮೊದಲ ಹೇಳ್ರಿ ಮಾಸ್ತರ.

ಹಾನಗಲ್ಲ ನಿವೃತ್ತ ಮಾಸ್ತರ: ಅದಕ್ಕೂ ಇದಕ್ಕೂ ಏನ್ ಸಂಬಂಧ?

ರೋಣದ ಅಕ್ಕ: ಗೊತ್ತಾತು ಬಿಡ್ರಿ. ಧಾರವಾಡ, ಇಂಗ್ಲಿಷ್ ಮೀಡಿಯಂ.

ಹಾನಗಲ್ಲ ನಿವೃತ್ತ ಮಾಸ್ತರ: 34 ವರ್ಷ ಸೀಮೆಸುಣ್ಣದ ಧೂಳು ಕುಡದೇನಿ. ನಿಮ್ಮಂಥವ್ರ ಕಡೆ ಸರ್ಟಿಫಿಕೇಟ್ ಬೇಕಿಲ್ಲ.

ಕುಂದಗೋಳ ಚಾದಂಗಡಿ: ಅಲ್ರಿ ಹಿರಿಯರ, ವಾರಕ್ಕ ಎಷ್ಟು ಹೊತ್ತು ಅಂತ ಯಾರೂ ಹೇಳಲಿಲ್ಲ...

ರೋಣದ ಅಕ್ಕ: ಹೊತ್ತು ಬಿಡ್ರಿ ಅಣ್ಣಾರ, ಖಾಲಿ ಚೆಕ್‌ಗೆ ಮಾತ್ರ ಸಹಿ ಹಾಕಬ್ಯಾಡ್ರಿ. "ಸಂತಿ ದಿನ ಐತಿ, ಸಹಿ ಮಾಡಿಟ್ಟು ಹೋಗ್ರಿ" ಅಂತಾರ.

ಹುಬ್ಬಳ್ಳಿ ರಿವೈಂಡಿಂಗ್: ಬ್ಯಾಡಗಿಯವ್ರ, ಎಷ್ಟು ಎಚ್‌ಪಿ ಮೋಟರ್ ಅದು? ಹನ್ನೊಂದ ದಿನಕ್ಕ ಮತ್ತ ಸುಟ್ಟಿತಂದ್ರ ಕಟ್ಟಿದವನ್ನ ಬೈಬ್ಯಾಡ್ರಿ, ಸ್ಟಾರ್ಟರ್ ನೋಡಬೇಕಿತ್ತು.

ಬ್ಯಾಡಗಿ ಮೆಣಸಿನಕಾಯಿ: ಮೂರು ಎಚ್‌ಪಿ. ಸ್ಟಾರ್ಟರ್ ಇತ್ರೀ, ಆದ್ರ ಲೋಡ್ ಹೆಚ್ಚಾದ್ರ ಮೋಟರ್ ಬಂದ್ ಮಾಡೂ ರಿಲೇನ ಅದರಾಗಿಂದ ಯಾರೋ ಬಿಚ್ಚಿಕೊಂಡು ಹೋಗಿದ್ರು. ಯಾರಂತ ಊರಿಗೆಲ್ಲಾ ಗೊತ್ತೈತಿ. ಬ್ಯಾಡ, ಹೇಳೂದಿಲ್ಲ.