ಆಯ್ಕೆ ಒಂದೋ, ಎರಡೋ? ನಾಡಿದ್ದು ಸಂಜೆಯೊಳಗೆ ತಿಳಿಸಬೇಕು

ಕಟಪಾಡಿಯ ತಾಯಿ:
ಮಗಳಿಗೆ ಸಿಇಟಿ ಮೊದಲ ಸುತ್ತಿನಲ್ಲಿ ಮಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿದೆ, ಸರ್ಕಾರಿ ಕೋಟಾ. ನಮ್ಮ ಪಟ್ಟಿಯಲ್ಲಿ ಅದು ಆರನೆಯದು. ಮೇಲಿನ ಐದೂ ಕಂಪ್ಯೂಟರ್ ಸೈನ್ಸ್. ಮೂರು ಇಲ್ಲಿಯವು, ಎರಡು ಬೆಂಗಳೂರಿನವು. ಅವಳಿಗೆ ಕಂಪ್ಯೂಟರಿನ ಆಸೆ, ನನಗೆ ಸಂಜೆ ಮನೆಗೆ ಬರಲಿ ಎಂಬ ಆಸೆ. ಆಯ್ಕೆ 1 ಒತ್ತಿ ಈ ಸೀಟಿನಲ್ಲೇ ಮುಗಿಸುವುದೋ, ಆಯ್ಕೆ 2 ಒತ್ತಿ ಇದನ್ನು ಕೈಯಲ್ಲಿಟ್ಟುಕೊಂಡೇ ಪಟ್ಟಿಯ ಮೇಲಿನದಕ್ಕಾಗಿ ಎರಡನೇ ಸುತ್ತಿಗೆ ಕಾಯುವುದೋ? ಇದರ ನಡುವೆ ಅತ್ತೆಯವರದು ಬೇರೆ, ಶುಭಕಾರ್ಯಕ್ಕೆ ಆಗದ ತುಳು ತಿಂಗಳು ಆಟಿ ಮುಗಿಯದೆ ಶುಲ್ಕ ಕಟ್ಟಬೇಡಿ ಎಂದು. ಪರೀಕ್ಷಾ ಪ್ರಾಧಿಕಾರಕ್ಕೆ ಆಟಿ ಗೊತ್ತಿಲ್ಲವಲ್ಲ! ಅನುಭವ ಇದ್ದವರು ದಯವಿಟ್ಟು ಹೇಳಿ.

ಬಂಟ್ವಾಳದ ತಂದೆ:
ಆಯ್ಕೆ 2 ಎಂದು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮೂರು ವರ್ಷದ ಹಿಂದೆ ಬಿ.ಸಿ.ರೋಡಿನ ಸೈಬರ್‌ನಲ್ಲಿ ಕುಳಿತು ಪಟ್ಟಿ ತುಂಬಿಸಿದೆವು. ಹೊರಗೆ ಮಳೆ, ಒಳಗೆ ಎರಡು ಸಲ ಕರೆಂಟ್ ಹೋಯಿತು, ಬೆನ್ನ ಹಿಂದೆ ಹತ್ತು ಜನರ ಸಾಲು. ಹೆಚ್ಚು ಹಾಕಿದರೆ ನಷ್ಟವೇನಿಲ್ಲ ಅಣ್ಣ ಎಂದು ಆ ಹುಡುಗ 47 ಸಾಲು ತುಂಬಿಸಿದ. ಮೊದಲ ಸುತ್ತಿನಲ್ಲಿ ಹನ್ನೊಂದನೆಯದು ಬಂತು. ಮನೆಯಿಂದ ನಲವತ್ತು ನಿಮಿಷ. ಮಗನಿಗೆ ಸಾಕಾಗಿತ್ತು. ಸಾಕಾಗದವನು ನಾನು. ಮೇಲಿನದು ಬಂದರೆ ಬರಲಿ ಎಂದು ಆಯ್ಕೆ 2 ಒತ್ತಿಸಿದೆ. ಎರಡನೇ ಸುತ್ತಿನಲ್ಲಿ ಬಂದದ್ದು ಏಳನೆಯದು, ಆನೇಕಲ್ ಕಡೆಯ ಕಾಲೇಜು. ಅದನ್ನು ಏಳರಲ್ಲಿ ಇಟ್ಟವರು ಯಾರೆಂದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಕೈಯಲ್ಲಿದ್ದ ಸೀಟು ತಾನಾಗಿಯೇ ರದ್ದಾಯಿತು.

ಲೆಕ್ಕ ಕೇಳಿ. ಹಾಸ್ಟೆಲ್ ವರ್ಷಕ್ಕೆ 1,18,000. ಠೇವಣಿ 25,000, ವರ್ಷದ ಕೊನೆಯಲ್ಲಿ ಗೋಡೆಗೆ ಮೊಳೆ ಹೊಡೆದಿದ್ದಾನೆ ಎಂದು ಅದನ್ನು ಹಿಡಿದುಕೊಂಡರು. ಒಂದು ಮೊಳೆಗೆ! ಅಲ್ಲಿಂದ ಹೊರಗೆ ಕೋಣೆ ಮಾಡಿದ, ಮುಂಗಡ ಮತ್ತೆ 40,000. ಹಬ್ಬಕ್ಕೆ ಬಂದರೆ ರಾತ್ರಿ ಬಸ್ಸಿಗೆ ಒಂದು ಬದಿಗೆ 1,900. ಒಂದು ಮಳೆಗಾಲ ಶಿರಾಡಿಯಲ್ಲಿ ಗುಡ್ಡ ಜರಿದು ಬಸ್ಸು ಚಾರ್ಮಾಡಿ ಸುತ್ತಿ ಬಂತು. ಹದಿನಾಲ್ಕು ಗಂಟೆ ಕುಳಿತು ಬಂದವನು ಒಂದು ರಾತ್ರಿ ಮಲಗಿ ಎದ್ದು ಹೊರಟ. ಈಗ ಮನೆಗೆ ಬಂದರೆ ತಾಯಿಯ ಹತ್ತಿರ ಮಾತನಾಡುತ್ತಾನೆ, ನನ್ನ ಹತ್ತಿರ ಇಲ್ಲ. ಇದನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಸುರತ್ಕಲ್ ನಿವಾಸಿ:
ಆನೇಕಲ್ ಆದರೂ ಕರ್ನಾಟಕದೊಳಗೆ ಇದೆ ಮಾರಾಯರೇ. ನಮ್ಮ ತಾರಸಿಯಿಂದ ಸುರತ್ಕಲ್ಲಿನ ದೀಪಸ್ತಂಭ ಕಾಣುತ್ತದೆ, ಎನ್‌ಐಟಿಕೆ, ಅಂದರೆ ಇಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಗೇಟಿಗೆ ನಡೆದರೆ ಹನ್ನೆರಡು ನಿಮಿಷ. ಅದು ಇನ್ನೂ ಕೆಆರ್‌ಇಸಿ ಎಂಬ ಹಳೆಯ ಹೆಸರಿನಲ್ಲಿದ್ದ ಕಾಲದಲ್ಲಿ ನನ್ನ ತಂದೆ ಅಲ್ಲಿನ ಮನೆಗಳಿಗೆ ಹಾಲು ಹಾಕುತ್ತಿದ್ದರು. ನನ್ನ ಮಗ ಓದುತ್ತಿರುವುದು ಸಿಲ್ಚರ್‌ನ ಎನ್‌ಐಟಿಯಲ್ಲಿ, ಅಸ್ಸಾಮಿನಲ್ಲಿ.

ಇಲ್ಲಿನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ ಎಂದು ಎಲ್ಲರೂ ಧೈರ್ಯ ಹೇಳುತ್ತಿದ್ದರು. ರಾಜ್ಯದವರು ಎಂದರೆ ಇಲ್ಲಿ ಹನ್ನೆರಡನೆಯ ತರಗತಿ ಓದಿದವರು, ಗೇಟಿನ ಎದುರು ಹುಟ್ಟಿದವರಲ್ಲ. ಬೆಂಗಳೂರಿನಲ್ಲಿ ಓದಿದ ಮಕ್ಕಳೆಲ್ಲ ಅದೇ ಅರ್ಧಕ್ಕೆ ಬರುತ್ತಾರೆ. ಜೆಇಇಗಾಗಿ ಪಕ್ಕದ ತಾಲ್ಲೂಕಿನ ಹಾಸ್ಟೆಲಿನಲ್ಲಿ ಎರಡು ವರ್ಷ ಇಟ್ಟೆ: ವರ್ಷಕ್ಕೆ 2,10,000, ಪುಸ್ತಕ 18,000, ಭಾನುವಾರದ ಪರೀಕ್ಷೆಗಳಿಗೆಂದು ಮತ್ತೆ 12,000. ಭೇಟಿಗೆ ತಿಂಗಳಲ್ಲಿ ಒಂದು ಭಾನುವಾರ, ಮೂರು ಗಂಟೆ. ಮೀನಿನ ಸಾರು ಒಯ್ದರೆ ಗೇಟಿನಲ್ಲೇ ತಡೆದರು, ಸಸ್ಯಾಹಾರ ಮಾತ್ರ ಎಂದು. ಮೀನು ತಿಂದು ಬೆಳೆದ ಹುಡುಗ ಎರಡು ವರ್ಷ ಸೌತೆಕಾಯಿ ಸಾಂಬಾರು ತಿಂದು ಬರೆದ ಪರೀಕ್ಷೆಗೆ ಸಿಲ್ಚರ್ ಸಿಕ್ಕಿತು. ಮೊದಲ ಸಲ ಬಿಡಲು ಹೋದಾಗ ಇಬ್ಬರಿಗೆ ವಿಮಾನವೇ 31,000 ಆಯಿತು.

ಕದ್ರಿ ಪಾಲಿಟೆಕ್ನಿಕ್ ಅಪ್ಪ:
ನಾನು ಪಡೀಲಿನ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಮಗನಿಗೆ ಹತ್ತನೆಯ ತರಗತಿಯಲ್ಲಿ ಶೇ. 61. ಸಂಬಂಧಿಕರು ಅಯ್ಯೋ ಎಂದರು. ಕದ್ರಿ ಗುಡ್ಡದ ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಸೇರಿಸಿದೆ. ಮೂರು ವರ್ಷಕ್ಕೆ ಬಸ್ ಪಾಸು, ಡ್ರಾಯಿಂಗ್ ಬೋರ್ಡು, ಖಾಕಿ ಅಂಗಿ ಎಲ್ಲ ಸೇರಿ ನನಗೆ ಆದ ಖರ್ಚು ಬಂಟ್ವಾಳದವರ ಮೊಳೆಯ ಠೇವಣಿಗಿಂತ ಕಡಿಮೆ. ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್. ಪಿಯುಸಿ ಮಾಡಿ ಹೋದವರಿಗೂ ಇವನಿಗೂ ಒಂದೇ ಆರು ವರ್ಷ. ಲೇತ್ ಮುಟ್ಟಿ ಬಂದವನು ತರಗತಿಯಲ್ಲಿ ಹೆದರುವುದಿಲ್ಲ. ಪಿಯುಸಿ ಎಂಬ ಎರಡು ವರ್ಷದ ಜಾತ್ರೆ ನಮಗೆ ಬೇಕಾಗಲಿಲ್ಲ.

ಮಣಿಪಾಲದ ಅಮ್ಮ:
ಜಾತ್ರೆ ಎಂದಿರಲ್ಲ, ಎಲ್ಲರ ಮಕ್ಕಳೂ ಲೇತ್ ಹಿಡಿಯಬೇಕೇ? ನನ್ನ ಮಗಳಿಗೆ ಎಂಬಿಬಿಎಸ್ ಬೇಕಿತ್ತು. ಅಡುಗೆಮನೆಯ ಕಿಟಕಿಯಿಂದ ಆಸ್ಪತ್ರೆಯ ಕಟ್ಟಡ ನೋಡುತ್ತಲೇ ಬೆಳೆದವಳು, ಆದರೆ ಅಲ್ಲಿನ ಶುಲ್ಕ ನಮ್ಮ ಮನೆಯನ್ನೇ ಮಾರಿದರೂ ಸಾಲದು. ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗಳಲ್ಲಿ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿದ್ದೂ ಅವಳ ಸರದಿ ಬಂದಾಗ ಸರ್ಕಾರಿ ಕಾಲೇಜು ಒಂದೂ ಇರಲಿಲ್ಲ. ಸರ್ಕಾರಿ ಬೇಕೆಂದರೆ ಕಾರವಾರಕ್ಕೋ ಶಿವಮೊಗ್ಗಕ್ಕೋ ಹಾಸನಕ್ಕೋ ನೋಡಬೇಕು.

2024ರ ನೀಟ್‌ನಲ್ಲಿ 720ಕ್ಕೆ 608 ಬಂತು. ಮನೆಯಲ್ಲಿ ಪಾಯಸ ಮಾಡಿದೆವು. ರ‍್ಯಾಂಕ್ ನೋಡಿದ ಮೇಲೆ ಪಾಯಸ ಯಾರೂ ತಿನ್ನಲಿಲ್ಲ. ಮೊದಲ ಪಟ್ಟಿಯಲ್ಲಿ 67 ಮಂದಿಗೆ ಮೊದಲ ರ‍್ಯಾಂಕ್ ಬಂದ ವರ್ಷ ಅದು, ಕೃಪಾಂಕದ ಗಲಾಟೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮತ್ತೆ ಕೂರಿಸಿದೆ. ಕೋಚಿಂಗ್ 1,40,000. ಮಧ್ಯದಲ್ಲಿ ಡೆಂಗಿ, ಹನ್ನೊಂದು ದಿನ ಆಸ್ಪತ್ರೆ, 63,000. ಕೋಚಿಂಗಿನವರು ತಪ್ಪಿದ ತರಗತಿಗೆ ಒಂದು ರೂಪಾಯಿ ಬಿಡಲಿಲ್ಲ. 2025ರ ಭೌತಶಾಸ್ತ್ರ ಹೇಗಿತ್ತೆಂದರೆ ದೇಶದ ಮೊದಲ ರ‍್ಯಾಂಕಿಗೇ 686. ಇವಳಿಗೆ 501. ಪರೀಕ್ಷೆ ಮುಗಿಸಿ ಬಂದು ಸಮವಸ್ತ್ರದ ಹಾಗೆ ಒಂದೇ ನೈಟಿಯಲ್ಲಿ ನಾಲ್ಕು ದಿನ ಮಲಗಿದ್ದಳು. ಅಂಕ ನೂರಕ್ಕೂ ಹೆಚ್ಚು ಇಳಿದಿತ್ತು, ರ‍್ಯಾಂಕ್ ಮೇಲೇರಿತ್ತು! ಕೊನೆಯ ಸುತ್ತಿನಲ್ಲಿ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸಿಕ್ಕಿತು. ಕಾದವರಿಗೆ ಸಿಗುತ್ತದೆ. ನಾನು ಆಯ್ಕೆ 2ರ ಪರ.

ಕದ್ರಿ ಪಾಲಿಟೆಕ್ನಿಕ್ ಅಪ್ಪ:
ಕಾಯಲು ನಿಮ್ಮಲ್ಲಿ ಹಣವಿತ್ತು ಅಕ್ಕ. ಅದನ್ನೂ ಬರೆಯಿರಿ.

ಮಣಿಪಾಲದ ಅಮ್ಮ:
ಬಳೆ ಅಡವಿಟ್ಟ ಚೀಟಿ ತೋರಿಸಬೇಕೇ ನಿಮಗೆ? ಇನ್ನೂ ಬಿಡಿಸಿಕೊಂಡಿಲ್ಲ.

ನಿವೃತ್ತ ಬ್ಯಾಂಕ್ ನೌಕರ:
ಬಳೆ ಅಡವಿಡುವ ಮೊದಲು ಶಿಕ್ಷಣ ಸಾಲ ಕೇಳಬೇಕಿತ್ತು ಮೇಡಂ. ನಾಲ್ಕು ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಾಗಿಲ್ಲ, ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಆ ಅವಧಿಯ ಬಡ್ಡಿಗೆ ಸಹಾಯಧನದ ಯೋಜನೆಯೂ ಇದೆ. ನಮ್ಮ ಜನ ಕೇಳಲು ನಾಚುತ್ತಾರೆ, ಆಮೇಲೆ ಚಿನ್ನದ ಅಂಗಡಿಗೆ ಓಡುತ್ತಾರೆ.

ಬಂಟ್ವಾಳದ ತಂದೆ:
ಕಾಗದದ ಮೇಲೆ ಎಲ್ಲ ಇದೆ ಸರ್. ಶಾಖೆಗೆ ಹೋದಾಗ ಮೊದಲು ಕೇಳಿದ್ದು ಜಮೀನಿನ ಆರ್‌ಟಿಸಿ. ಆಮೇಲೆ ವಿಮೆಯ ಬಾಂಡ್. ಆಮೇಲೆ ಸರ್ಕಾರಿ ನೌಕರಿಯ ಜಾಮೀನುದಾರ. ನಾಲ್ಕನೆಯ ಸಲ ಹೋದಾಗ ಮ್ಯಾನೇಜರಿಗೆ ವರ್ಗವಾಗಿತ್ತು, ಬಂದವರಿಗೆ ಕನ್ನಡವೂ ಬರುವುದಿಲ್ಲ, ತುಳುವೂ ಬರುವುದಿಲ್ಲ.

ನಿವೃತ್ತ ಬ್ಯಾಂಕ್ ನೌಕರ:
ಅದಕ್ಕೆ ನಾನೇನು ಮಾಡಲಿ? ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ವಿಜಯಾ ಅದಕ್ಕೂ ಒಂದು ವರ್ಷ ಮೊದಲೇ ಹೋಯಿತು. ಆಗ ಫಲಕ ಬದಲಾದಾಗ ಫೋಟೋ ತೆಗೆಸಿಕೊಳ್ಳಲು ಬಂದವರು ಯಾರು, ಪ್ರತಿಭಟನೆಗೆ ಬಂದವರು ಎಷ್ಟು ಜನ? ನಾವು ನೌಕರರಷ್ಟೇ ನಿಂತಿದ್ದೆವು.

ಕಾರ್ಕಳದ ಉಪನ್ಯಾಸಕ:
ಬ್ಯಾಂಕಿನ ವಿಷಯ ಇಲ್ಲಿಗೆ ಏಕೆ ಬಂತು? ಬಂಟ್ವಾಳದವರೇ, ನಿಮ್ಮ ಕಥೆಯಲ್ಲಿ ಒಂದು ಮಾತು ನೀವು ಹೇಳಿಲ್ಲ. ಎರಡನೇ ಸುತ್ತಿಗೆ ಮೊದಲು ಪಟ್ಟಿಯನ್ನು ಅಳಿಸಲು, ಮೇಲೆ ಕೆಳಗೆ ಮಾಡಲು ಪ್ರಾಧಿಕಾರ ಅವಕಾಶ ಕೊಡುತ್ತದೆ. ಹೊಸದು ಸೇರಿಸಲು ಮಾತ್ರ ಆಗುವುದಿಲ್ಲ. ಬೇಡದ ಆನೇಕಲನ್ನು ಅಳಿಸಿದ್ದರೆ ಹನ್ನೊಂದನೆಯದು ಎಲ್ಲಿಗೂ ಹೋಗುತ್ತಿರಲಿಲ್ಲ. ಅಳಿಸದೆ ಇದ್ದದ್ದು ನಿಮ್ಮ ತಪ್ಪು, ಆಯ್ಕೆ 2ರದ್ದಲ್ಲ. ಎರಡು ದಶಕ ಮಕ್ಕಳಿಗೆ ಹೇಳಿ ಹೇಳಿ ಸಾಕಾಯಿತು. ಮಕ್ಕಳು ಕೇಳುತ್ತಾರೆ, ಅಪ್ಪಂದಿರು ಕೇಳುವುದಿಲ್ಲ.

ಬಂಟ್ವಾಳದ ತಂದೆ:
ಮೂರು ವರ್ಷದಿಂದ ನನ್ನ ಹೆಂಡತಿ ಹೇಳುತ್ತಿರುವುದನ್ನು ಈಗ ನೀವೂ ಹೇಳಿದಿರಿ. ಸಮಾಧಾನವಾಯಿತೇ? ಎರಡು ದಶಕ ಪಾಠ ಮಾಡಿದವರ ಮಕ್ಕಳು ಎಲ್ಲಿದ್ದಾರೆ, ಅದನ್ನೂ ಬರೆಯಿರಿ.

ಕಾರ್ಕಳದ ಉಪನ್ಯಾಸಕ:
ಮಗಳು ಬಿ.ಎಸ್‌ಸಿ. ಮಾಡಿದಳು, ತಾನೇ ಕೇಳಿ. ಸಂಖ್ಯಾಶಾಸ್ತ್ರ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಮದುವೆ ಮನೆಯಲ್ಲಿ, ಸೀಟು ಸಿಗಲಿಲ್ಲವೇ ಎಂದು ಕೇಳದೆ ಊಟ ಬಡಿಸಿದವರು ಒಬ್ಬರೂ ಇಲ್ಲ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇ. 93.90, ರಾಜ್ಯಕ್ಕೆ ಮೊದಲು ಎಂದು ಬೀಗುತ್ತೇವಲ್ಲ, ಆ ಮಕ್ಕಳಲ್ಲಿ ಇಂಥವರೂ ಇದ್ದಾರೆ.

ಸುರತ್ಕಲ್ ನಿವಾಸಿ:
ದಕ್ಷಿಣ ಕನ್ನಡ ಶೇ. 93.57, ಕೂದಲೆಳೆಯ ಅಂತರ. ಹಿಂದಿನ ವರ್ಷ ನಾವೇ ಮೊದಲು.

ಕಿನ್ನಿಗೋಳಿ ಕಡೆಯವಳು:
ಮೊದಲು ಬಂದು ಏನು ಪ್ರಯೋಜನ? ನನ್ನ ಮಗ ಒಂದರಿಂದ ಒಂಬತ್ತರವರೆಗೆ ಹಳ್ಳಿಯ ಶಾಲೆ. ಹತ್ತನೆಯದಕ್ಕೆ ಮಾತ್ರ, ಒಳ್ಳೆಯ ಅಂಕ ಬರಲೆಂದು, ಪೇಟೆಯ ಶಾಲೆಗೆ ಹಾಕಿದೆ. ಒಂದೇ ವರ್ಷ. ಗ್ರಾಮೀಣ ಮೀಸಲಾತಿಗೆ ಹತ್ತೂ ವರ್ಷ ಬೇಕು ಎಂದು ಗೊತ್ತಾದದ್ದು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಗೆ ನಿಂತಾಗ. ಗುಮಾಸ್ತರು ಕಾಗದವನ್ನು ನೋಡಿ ನಗದೆ ಹಿಂದಿರುಗಿಸಿದರು, ಅಷ್ಟು ಉಪಕಾರ. ಆ ಸರದಿಯಲ್ಲಿ ನನ್ನ ಹಿಂದೆ ನಿಂತವರ ಮಗ ಪೇಟೆಯಲ್ಲೇ ಓದಿದವನು, ಅವನ ಕೈಯಲ್ಲಿ ಪ್ರಮಾಣಪತ್ರ ಇತ್ತು!

ಕದ್ರಿ ಪಾಲಿಟೆಕ್ನಿಕ್ ಅಪ್ಪ:
ಕಣ್ಣಾರೆ ಕಂಡಿದ್ದರೆ ದೂರು ಕೊಡಬೇಕಿತ್ತು. ಇಲ್ಲದಿದ್ದರೆ ಇಂಥ ಮಾತು ಬರೆಯಬಾರದು. ನಮ್ಮಂಥವರ ನಿಜವಾದ ಪತ್ರವನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಕಿನ್ನಿಗೋಳಿ ಕಡೆಯವಳು:
ದೂರು ಕೊಟ್ಟು ಅದೇ ಊರಿನಲ್ಲಿ ಬಾಳುವವಳು ನಾನು, ನೀವಲ್ಲ.

ಕಟಪಾಡಿಯ ತಾಯಿ:
ಎಲ್ಲರಿಗೂ ವಂದನೆ. ಉಪನ್ಯಾಸಕರು ಬಂಟ್ವಾಳದ ಅಣ್ಣನಿಗೆ ಬೈದದ್ದರಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಈಗ ಆಯ್ಕೆ 2 ಒತ್ತಿದ್ದೇವೆ. ಪಟ್ಟಿ ತಿದ್ದಲು ಬಿಟ್ಟ ಕೂಡಲೇ ಬೆಂಗಳೂರಿನ ಎರಡು ಸಾಲುಗಳನ್ನು ಅಳಿಸುವುದೆಂದು ಮಗಳೂ ಒಪ್ಪಿದ್ದಾಳೆ, ಅರ್ಧ ದಿನ ಮಾತು ಬಿಟ್ಟ ಮೇಲೆ. ಇಲ್ಲಿಯದು ಬಂದರೆ ಬರಲಿ, ಬಾರದಿದ್ದರೆ ಎಲೆಕ್ಟ್ರಾನಿಕ್ಸ್ ಕೈಯಲ್ಲಿರುತ್ತದೆ. ಅತ್ತೆಗೆ ಸೀಟಿನ ಸುದ್ದಿ ಆಟಿ ಕಳೆದ ಮೇಲೆ ಹೇಳುತ್ತೇವೆ.

ಬಂಟ್ವಾಳದ ತಂದೆ:
ಒಳ್ಳೆಯದು ತಂಗಿ. ಅಳಿಸುವುದು ಸೈಬರ್‌ನಲ್ಲಿ ಬೇಡ, ಮನೆಯಲ್ಲೇ ಕುಳಿತು ಮಾಡಿ. ಅಳಿಸಿದ ಮೇಲೆ ಒಮ್ಮೆ ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಉಳಿದ ಸಾಲುಗಳನ್ನು ಎಣಿಸಿ. ಮುದ್ರಿಸಿ ಇಟ್ಟುಕೊಳ್ಳಿ.

ಮಣಿಪಾಲದ ಅಮ್ಮ:
ಎರಡು ಪ್ರತಿ.

ಸುರತ್ಕಲ್ ನಿವಾಸಿ:
ಇಲ್ಲಿ ಸಿಲ್ಚರ್ ಕಡೆಗೆ ಮಕ್ಕಳನ್ನು ಕಳುಹಿಸಿದವರು ಬೇರೆ ಯಾರಾದರೂ ಇದ್ದಾರೆಯೇ? ದಸರಾ ರಜೆಗೆ ಒಟ್ಟಿಗೆ ಟಿಕೆಟು ಮಾಡಬಹುದಿತ್ತು. ಗುವಾಹಟಿಯಿಂದ ಮುಂದೆ ಅವನು ಒಬ್ಬನೇ ಆಗುತ್ತಾನೆ.