ವಿಮ್: ಸೆಲೆಕ್ಟ್ ಮಾಡಿದ್ದರೂ ಮೋಡ್ ಫಂಕ್ಷನ್ ‘ಎನ್’ ಅಂತಲೇ ಹೇಳುತ್ತಿದೆ

ಪ್ರಶ್ನೆ

ನಾನು ಬಳಸುತ್ತಿರುವುದು ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್, ಆವೃತ್ತಿ 9.1. ವಿಷುವಲ್ ಮೋಡ್‌ನಲ್ಲಿ (ಪಠ್ಯ ಸೆಲೆಕ್ಟ್ ಮಾಡುವ ಸ್ಥಿತಿ) ಎಫ್5 ಒತ್ತಿದರೆ ಎಷ್ಟು ಸೆಲೆಕ್ಟ್ ಆಗಿದೆ ಅಂತ ಕೆಳಗೆ ತೋರಿಸಬೇಕು. ಇಡೀ ಸಾಲುಗಳನ್ನು ಹಿಡಿದಿದ್ದರೆ ಸಾಲಿನ ಲೆಕ್ಕ, ಒಂದು ಸಾಲಿನೊಳಗೆ ಹಿಡಿದಿದ್ದರೆ ಅಕ್ಷರದ ಲೆಕ್ಕ. ಅದಕ್ಕೆ ‘ಎಣಿಕೆ’ ಅಂತ ಒಂದು ಫಂಕ್ಷನ್ ಬರೆದೆ. ಒಳಗೆ ಮೊದಲು ಮೋಡ್ ಫಂಕ್ಷನ್ ಕರೆದು, ಚಿಕ್ಕ ‘ವಿ’ (ಅಕ್ಷರಗಳ ಆಯ್ಕೆ) ಬಂತಾ ದೊಡ್ಡ ‘ವಿ’ (ಇಡೀ ಸಾಲುಗಳ ಆಯ್ಕೆ) ಬಂತಾ ಅಂತ ನೋಡುತ್ತೇನೆ. ಆಯ್ಕೆಯ ಶುರು, ಕೊನೆ ತೋರಿಸುವ ಎರಡು ಗುರುತುಗಳ ಸಾಲು ಸಂಖ್ಯೆಯನ್ನು ಲೈನ್ ಫಂಕ್ಷನ್‌ನಿಂದ ತೆಗೆಯುತ್ತೇನೆ. ಮ್ಯಾಪಿಂಗ್‌ನಲ್ಲಿ (ಎಫ್5 ಒತ್ತಿದರೆ ಏನಾಗಬೇಕು ಅಂತ ಹೇಳುವ ಸಾಲು) ಕೋಲನ್ ಹಾಕಿ, ಕಾಲ್ (call) ಕಮಾಂಡ್‌ನಿಂದ ಎಣಿಕೆಯನ್ನು ಕರೆದಿದ್ದೇನೆ.

ಏನು ಸೆಲೆಕ್ಟ್ ಮಾಡಿದರೂ ಮೋಡ್ ‘ಎನ್’ (ನಾರ್ಮಲ್) ಅಂತಲೇ ಬರುತ್ತದೆ. ಸಾಲದ್ದಕ್ಕೆ 7 ಸಾಲು ಹಿಡಿದರೆ ಮೆಸೇಜ್ 7 ಸಲ ಬರುತ್ತದೆ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಉತ್ತರ 1

ಫಂಕ್ಷನ್ ಸುಳ್ಳು ಹೇಳುತ್ತಿಲ್ಲ. ನೀವು ಕೇಳುವ ಹೊತ್ತಿಗೆ ವಿಮ್ ನಿಜವಾಗಿಯೂ ನಾರ್ಮಲ್ ಮೋಡ್‌ಗೆ ಬಂದುಬಿಟ್ಟಿರುತ್ತದೆ. ಸೆಲೆಕ್ಟ್ ಮಾಡಿ ಕೋಲನ್ ಒತ್ತಿದ ತಕ್ಷಣ ವಿಷುವಲ್ ಮೋಡ್ ಮುಗಿಯಿತು. ಕಮಾಂಡ್ ಸಾಲಿನಲ್ಲಿ ಆಯ್ಕೆಯ ಎರಡು ಗುರುತುಗಳು ತಾವಾಗಿಯೇ ಬಂದು ಕೂರುವುದನ್ನು ಗಮನಿಸಿದ್ದೀರಾ? ಆ 7 ಸಲದ ಕಾರಣವೂ ಅದೇ. ಫಂಕ್ಷನ್ ಬರೆಯುವಾಗ ರೇಂಜ್ ಅಂತ ಸೇರಿಸಿಲ್ಲದಿದ್ದರೆ, ಕಾಲ್ ಕಮಾಂಡ್ ಆ ವ್ಯಾಪ್ತಿಯ ಪ್ರತಿ ಸಾಲಿಗೂ ಒಂದೊಂದು ಸಲ ಅದನ್ನು ಓಡಿಸುತ್ತದೆ.

ಕೋಲನ್ ಆದ ಮೇಲೆ ಕಂಟ್ರೋಲ್-ಯು ಸೇರಿಸಿ, ಕಮಾಂಡ್ ಸಾಲಿನಿಂದ ಆ ಗುರುತುಗಳು ಅಳಿಸಿಹೋಗುತ್ತವೆ, ಒಂದೇ ಸಲ ಓಡುತ್ತದೆ. ಮೋಡ್ ಬದಲು ವಿಷುವಲ್‌ಮೋಡ್ ಅನ್ನೋ ಫಂಕ್ಷನ್ ಕರೆಯಿರಿ. ಆ ಬಫರ್‌ನಲ್ಲಿ (ತೆರೆದಿರುವ ಫೈಲ್) ಕೊನೆಯ ಸಲ ಯಾವ ಬಗೆಯಲ್ಲಿ ಸೆಲೆಕ್ಟ್ ಮಾಡಿದ್ದಿರಿ ಅಂತ ಅದು ನೆನಪಿಟ್ಟಿರುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್! ಒಂದೇ ಸಲ ಬರುತ್ತಿದೆ, ಲೆಕ್ಕವೂ ಸರಿ ಇದೆ. ಆದರೆ ಆಯ್ಕೆ ಹೋಗಿಬಿಡುತ್ತದೆ. ಜಿವಿ ಒತ್ತಿದರೆ ವಾಪಸ್ ಬರುತ್ತದೆ, ಗೊತ್ತು. ಆದರೂ ಲೆಕ್ಕ ನೋಡಿಕೊಂಡು ಇನ್ನೆರಡು ಸಾಲು ಕೆಳಗೆ ಎಳೆಯೋಣ ಅಂದರೆ ಪ್ರತಿ ಸಲ ಜಿವಿ ಒತ್ತಬೇಕು, ಕಿರಿಕಿರಿ. ಆಯ್ಕೆ ಹಾಗೇ ಇರುವಂತೆ ಮಾಡಲು ಆಗುತ್ತಾ?

ಉತ್ತರ 2

ಖಂಡಿತ ಆಗುತ್ತದೆ. ಮ್ಯಾಪಿಂಗ್‌ನಲ್ಲಿ ಕೋಲನ್ ತೆಗೆದು ಆ ಜಾಗದಲ್ಲಿ ಕೋನ ಆವರಣದೊಳಗೆ ಸಿಎಂಡಿ ಅಂತ ಹಾಕಿ. ಕಂಟ್ರೋಲ್-ಯು ಬೇಡ, ಕೊನೆಯ ಸಿಆರ್ (ಎಂಟರ್ ಕೀ) ಇರಲೇಬೇಕು. ಇದು ಮೋಡ್ ಬದಲಿಸದೆ ಕಮಾಂಡ್ ಓಡಿಸುತ್ತದೆ. ವಿಮ್‌ಗೆ ಇದು ಬಂದದ್ದು 8.2.1978ನೇ ಪ್ಯಾಚ್‌ನಲ್ಲಿ. ನಿಮ್ಮ 9.1ರಲ್ಲಿ ಇದ್ದೇ ಇದೆ. ಹಳೆಯ ಮೆಷಿನ್‌ನಲ್ಲೂ ಇದೇ ಫೈಲ್ ಬಳಸುತ್ತೀರಾದರೆ ಹ್ಯಾಸ್ ಫಂಕ್ಷನ್‌ಗೆ ಆ ಪ್ಯಾಚ್ ಸಂಖ್ಯೆ ಕೊಟ್ಟು ಕೇಳಿ. 1 ಬಂದರೆ ಇದೆ, 0 ಬಂದರೆ ಇಲ್ಲ.

ಪ್ರಶ್ನೆ ಕೇಳಿದವರು

ಹಾಕಿದೆ. ಮೋಡ್ ಈಗ ಸರಿಯಾಗಿ ಬರುತ್ತಿದೆ, ಆಯ್ಕೆಯೂ ಉಳಿದಿದೆ. ಆದರೆ ಸರಿ ಇದ್ದ ಲೆಕ್ಕ ಕೆಟ್ಟಿತು! 7 ಸಾಲು ಹಿಡಿದಿದ್ದೇನೆ, 3 ಅಂತ ತೋರಿಸುತ್ತದೆ. ಹೊಸ ಫೈಲ್ ತೆರೆದು ನೋಡಿದೆ, ಎಷ್ಟು ಹಿಡಿದರೂ 1.

ಅಕ್ಷರದ ಲೆಕ್ಕದಲ್ಲೂ ತೊಂದರೆ ಇದೆ. ಅದಕ್ಕೆ ಕಾಲಮ್ ಹೇಳುವ ಕಾಲ್ (col) ಫಂಕ್ಷನ್ ಬಳಸಿ, ಕರ್ಸರ್‌ನ ಕಾಲಮ್‌ನಿಂದ ಇನ್ನೊಂದು ತುದಿಯ ಕಾಲಮ್ ಕಳೆದು 1 ಕೂಡಿಸಿದ್ದೇನೆ. ಸಾಲಿನ ಮೊದಲಿಗೇ ಇರುವ ‘ಮರ’ ಅನ್ನೋ ಪದ ಹಿಡಿದರೆ 4 ಅನ್ನುತ್ತದೆ. ಅಕ್ಷರ 2 ಅಲ್ವಾ?

ಉತ್ತರ 2

ಆ 3 ನಿಮ್ಮ ಹಿಂದಿನ ಆಯ್ಕೆಯದು. ಎರಡು ಗುರುತುಗಳು ಬದಲಾಗುವುದು ವಿಷುವಲ್ ಮೋಡ್ ಬಿಟ್ಟ ಮೇಲೆ. ಕೋಲನ್ ಇದ್ದಾಗ ಮೋಡ್ ಬಿಟ್ಟೇ ಬರುತ್ತಿದ್ದಿರಿ, ಹಾಗಾಗಿ ಲೆಕ್ಕ ಸರಿ ಬರುತ್ತಿತ್ತು. ಈಗ ಬಿಟ್ಟೇ ಇಲ್ಲ. ಹೊಸ ಫೈಲ್‌ನಲ್ಲಿ ಗುರುತೇ ಇಲ್ಲ, ಎರಡೂ 0. ಕಳೆದು 1 ಕೂಡಿಸಿದರೆ 1.

ಲೈನ್ ಫಂಕ್ಷನ್‌ಗೆ ಗುರುತುಗಳನ್ನು ಕೊಡಬೇಡಿ. ಚುಕ್ಕಿ ಕೊಟ್ಟರೆ ಕರ್ಸರ್ ಇರುವ ಸಾಲು, ‘ವಿ’ ಕೊಟ್ಟರೆ ಆಯ್ಕೆ ಶುರುವಾದ ತುದಿಯ ಸಾಲು. ಇವು ಆ ಕ್ಷಣದ ಸಂಖ್ಯೆಗಳು. ಕೆಳಗಿನಿಂದ ಮೇಲಕ್ಕೆ ಎಳೆದಾಗ ವ್ಯತ್ಯಾಸ ಮೈನಸ್ ಬರುತ್ತದೆ, ಅದಕ್ಕೆ ಆಬ್ಸ್ ಫಂಕ್ಷನ್ ಹಾಕಿ, ಆಮೇಲೆ 1 ಕೂಡಿಸಿ.

‘ಮರ’ದ ಲೆಕ್ಕ ನೋಡಿ. ಕಾಲ್ ಫಂಕ್ಷನ್ ಎಣಿಸುವುದು ಅಕ್ಷರವನ್ನಲ್ಲ, ಬೈಟ್ ಅನ್ನು. ಯುಟಿಎಫ್-8ರಲ್ಲಿ ‘ಮ’ 3 ಬೈಟ್, ‘ರ’ 3 ಬೈಟ್. ‘ಮ’ ಶುರುವಾಗುವುದು 1ರಲ್ಲಿ, ‘ರ’ 4ರಲ್ಲಿ. 4ರಲ್ಲಿ 1 ಕಳೆದು 1 ಕೂಡಿಸಿದರೆ 4. ಅದು ಅಕ್ಷರದ ಲೆಕ್ಕವೂ ಅಲ್ಲ, ಪೂರ್ತಿ ಬೈಟ್ ಲೆಕ್ಕವೂ ಅಲ್ಲ. ಬರೀ ಇಂಗ್ಲಿಷ್ ಫೈಲ್‌ಗಳಲ್ಲಿ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕಾಲ್ ಬದಲು ಚಾರ್‌ಕಾಲ್ ಬಳಸಿ, 2 ಬರುತ್ತದೆ.

ಉತ್ತರ 1

ಒಂದು ಸೇರಿಸುತ್ತೇನೆ. ಷೋಸಿಎಂಡಿ ಆಪ್ಷನ್ ಆನ್ ಮಾಡಿ ‘ಮರ’ ಹಿಡಿದು ನೋಡಿ. ಕೆಳಗೆ ಬಲಗಡೆ 2-6 ಅಂತ ಬರುತ್ತದೆ. 2 ಅಕ್ಷರ, 6 ಬೈಟ್. ನಿಮ್ಮ ಫಂಕ್ಷನ್‌ನ ಲೆಕ್ಕ ತಾಳೆ ನೋಡಲು ಇದು ಒಳ್ಳೆಯದು.

ಪ್ರಶ್ನೆ ಕೇಳಿದವರು

2-6 ಬಂತು, ನನ್ನ ಫಂಕ್ಷನ್‌ನಲ್ಲೂ 2 ಬಂತು! ಒಂದೇ ಒಂದು ಉಳಿದಿದೆ. ಇಡೀ ಸಾಲು ಹಿಡಿದರೂ ಅಕ್ಷರದ ಲೆಕ್ಕವೇ ಬರುತ್ತಿದೆ. ಮೋಡ್ ಅನ್ನು ಪ್ರಿಂಟ್ ಮಾಡಿದರೆ ದೊಡ್ಡ ‘ವಿ’ ಅಂತಲೇ ಇದೆ.

ಉತ್ತರ 2

ಇಗ್ನೋರ್‌ಕೇಸ್ ಆನ್ ಇದೆಯಾ? ಇದ್ದರೆ ಎರಡು ಸಮ ಚಿಹ್ನೆ ಹಾಕಿ ಹೋಲಿಸುವಾಗ ಚಿಕ್ಕ ‘ವಿ’, ದೊಡ್ಡ ‘ವಿ’ ಎರಡೂ ಒಂದೇ. ಸಮ ಚಿಹ್ನೆಗಳ ಪಕ್ಕದಲ್ಲೇ ಒಂದು ಹ್ಯಾಷ್ ಸೇರಿಸಿ, ==# ಹೀಗೆ. ಆಗ ಸೆಟ್ಟಿಂಗ್ ಏನೇ ಇದ್ದರೂ ಬೇರೆ ಬೇರೆಯಾಗೇ ನೋಡುತ್ತದೆ.

ಮತ್ತೆ, ಆಯ್ಕೆ ಎರಡು ಮೂರು ಸಾಲಿಗೆ ಹರಡಿದಾಗ ಕಾಲಮ್ ಕಳೆಯುವ ಲೆಕ್ಕ ನಡೆಯುವುದಿಲ್ಲ. ಅಲ್ಲಿಗೆ ವರ್ಡ್‌ಕೌಂಟ್ ಫಂಕ್ಷನ್ ಕರೆಯಿರಿ. ಅದು ಒಂದು ಡಿಕ್ಷನರಿ (ಕೀ ಮತ್ತು ಅದರ ಬೆಲೆಗಳ ಪಟ್ಟಿ) ಕೊಡುತ್ತದೆ, ಅದರಲ್ಲಿ ವಿಷುವಲ್_ಚಾರ್ಸ್ ಅನ್ನೋ ಕೀ ನಿಮಗೆ ಬೇಕಾದದ್ದು. ವಿಷುವಲ್ ಮೋಡ್‌ನಲ್ಲಿ ಮಾತ್ರ ಆ ಕೀ ಇರುತ್ತದೆ. ನೇರವಾಗಿ ತೆಗೆಯದೆ ಗೆಟ್ ಫಂಕ್ಷನ್ ಮೂಲಕ, ಇಲ್ಲದಿದ್ದರೆ 0 ಅಂತ ಹೇಳಿ ತೆಗೆಯಿರಿ.

ಪ್ರಶ್ನೆ ಕೇಳಿದವರು

ಇಗ್ನೋರ್‌ಕೇಸ್ ಆನ್ ಇತ್ತು! ಹ್ಯಾಷ್ ಹಾಕಿದೆ, ಸಾಲಿನ ಲೆಕ್ಕ 7 ಬಂತು. ಹಿಂದಕ್ಕೆ ಎಳೆದು ನೋಡಿದೆ, ಆಗಲೂ 7. ಅಕ್ಷರಕ್ಕೆ ವರ್ಡ್‌ಕೌಂಟ್ ಹಾಕಿಕೊಂಡೆ, ಚಾರ್‌ಕಾಲ್ ಸಾಲುಗಳನ್ನು ತೆಗೆದುಬಿಟ್ಟೆ. ಇಬ್ಬರಿಗೂ ಮನಸಾರೆ ಧನ್ಯವಾದ.