ಸಹಾಯ ಬೇಕು: ಪಾಪಾಸುಕಳ್ಳಿ ಹಣ್ಣಿನ ಸಣ್ಣ ಮುಳ್ಳು ಪೂರ್ತಿ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ಹತ್ತಿರ ನಮ್ಮ ಹೊಲದ ಬೇಲಿಯಲ್ಲಿ ಪಾಪಾಸುಕಳ್ಳಿ ಇದೆ. ಈ ಸಲ ಕೆಂಪು ಹಣ್ಣು ಜಾಸ್ತಿ ಬಿಟ್ಟಿದೆ. ಜ್ಯೂಸ್ ಮಾಡಿ ಮಕ್ಕಳಿಗೆ ಕೊಡಬೇಕು ಅಂತ ಸುಮಾರು 2 ಕೆಜಿ ಕಿತ್ತು ತಂದೆ.

ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದರ ಚಿಂತೆ ಇಲ್ಲ. ಹಣ್ಣಿನ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಗುಂಪು ಕಟ್ಟಿರುತ್ತದಲ್ವಾ, ಕೂದಲಿನಂಥ ಮುಳ್ಳು, ಅದೇ ಕಷ್ಟ. ಸುಮ್ನೆ ತಗುಲಿದರೂ ಬೆರಳಿಗೆ ಇಳಿಯುತ್ತದೆ. ತುದಿಯಲ್ಲಿ ಹಿಮ್ಮುಖವಾದ ಕೊಕ್ಕೆ ಇರುವುದರಿಂದ ಎಳೆದರೂ ಸುಲಭವಾಗಿ ಬರುವುದಿಲ್ಲ.

ನಮ್ಮಜ್ಜಿ ಹಣ್ಣನ್ನು ಒರಟು ನೆಲದ ಮೇಲೆ ಉಜ್ಜಿ ಉಜ್ಜಿ ಕೊಡುತ್ತಿದ್ದರು. ನಾನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ತಿರುಗಿಸಿದೆ. ಚಟಪಟ ಅಂತ ಸುಟ್ಟಿತು. ಆಮೇಲೆ ತೊಳೆದು, ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ ಸಿಪ್ಪೆ ಬಿಡಿಸಿದೆ. ತಿರುಳು ರಕ್ತದಂಥ ಕೆಂಪು. ಮಿಕ್ಸಿಗೆ ಹಾಕಿ ಟೀ ಜರಡಿಯಲ್ಲಿ ಸೋಸಿದೆ. ಗಟ್ಟಿ ಬೀಜವೆಲ್ಲ ಮೇಲೇ ನಿಂತಿತು.

ಮೊದಲು ನಾನೇ ಒಂದು ಗುಟುಕು ಕುಡಿದೆ. ರುಚಿ ಚೆನ್ನಾಗಿತ್ತು, ಆದರೆ ನಾಲಿಗೆಗೆ ಏನೋ ಚುಚ್ಚಿತು. ಸಂಜೆವರೆಗೂ ಹಾಗೇ ಇತ್ತು. ಮಕ್ಕಳಿಗೆ ಕೊಡಲು ಧೈರ್ಯ ಬರಲಿಲ್ಲ. ಉಳಿದ ಹಣ್ಣು ಹಾಗೇ ಇಟ್ಟಿದ್ದೇನೆ.

ನನಗೆ ಗೊತ್ತಾಗದೇ ಇರುವುದು ಇಷ್ಟೇ: ಆ ಮುಳ್ಳು ಸರಿಯಾಗಿ ಸುಡದೆ ಉಳಿದದ್ದಾ, ಅಥವಾ ಸಿಪ್ಪೆ ಕತ್ತರಿಸಿದ ಚಾಕುವಿನಿಂದ ತಿರುಳಿಗೆ ಬಂದದ್ದಾ? ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಮಕ್ಕಳಿಗೆ ಕೊಡಬಹುದಾ? ಮನೆಯಲ್ಲಿ ಮಾಡಿ ಕುಡಿದವರು ದಯವಿಟ್ಟು ಹೇಳಿ.